ಏಳು ಚಿತ್ರ, ಹದಿನಾರು ದಿನ

ನಮ್ಮ ಡ್ರಾಯಿಂಗ್ ಟೀಚರ್ ಈ ಮಾರ್ಚ್ ಕೊನೆಗೆ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಹಂಚುವ ಪುಸ್ತಿಕೆಗೆ ಹಳೆ ವಿದ್ಯಾರ್ಥಿಗಳ ಪರವಾಗಿ ಒಂದು ಪುಟ ಬರೆದು ಕೊಡಿ ಎಂದು ಶಾಲೆಯವರು ಕೇಳಿದ್ದರು. ಬರೆದು ಕೊಟ್ಟೆ. ಶಿಸ್ತು, ಪ್ರೀತಿ, ಕಲಾಸೇವೆ ಎಲ್ಲ ಅದರಲ್ಲಿತ್ತು. ಟೀಚರ್ ಮಾತ್ರ ಇರಲಿಲ್ಲ. ಪುಸ್ತಿಕೆ ಓದಿದ ಮೇಲೆ ಅವರೇ ಫೋನ್ ಮಾಡಿದರು.

"ಇದ್ ಯಾರ್ ಬಗ್ಗೆ ಬರ್ದದ್ ಹೆಣೆ? ನಂಗೆ ಗುರ್ತ ಸಿಕ್ಕಲಿಲ್ಲೆ."

"ಮತ್ತೆ ಎಂತ ಬರಿಕ್ ಟೀಚರ್?"

"ನಿಮ್ ಪರೀಕ್ಷಿ ವರ್ಷ ಆದದ್ದ್ ಬರಿ. ನನ್ ತಪ್ಪ್ ಬರಿ. ಹೆಸ್ರ್ ಮಾತ್ರ ಹಾಕುಕಾಗ."

ಹಾಗಾಗಿ ಹೆಸರು ಹಾಕದೆ ಬರೆಯುತ್ತಿದ್ದೇನೆ.

ಹತ್ತನೇ ತರಗತಿಯವರೆಗೆ ನಾನು ಓದಿದ್ದು ನಮ್ಮ ಗುಲ್ವಾಡಿ ಕಡೆಯ ಕನ್ನಡ ಶಾಲೆಯಲ್ಲಿ. ಅಪ್ಪಯ್ಯ ಗೇರುಬೀಜದ ಫ್ಯಾಕ್ಟರಿಯಲ್ಲಿ ಬೀಜ ವಿಂಗಡಿಸುವ ವಿಭಾಗ ನೋಡಿಕೊಳ್ಳುತ್ತಿದ್ದರು. ಮಗಳು ಆಸ್ಪತ್ರೆಯಲ್ಲಿ ಏನಾದರೂ ಕೆಲಸ ಹಿಡಿಯಬೇಕು ಎನ್ನುವುದು ಅವರ ಆಸೆ. ಅದಕ್ಕೆಂದೇ ಕುಂದಾಪುರದ ಹತ್ತಿರ ಹೆದ್ದಾರಿ ಪಕ್ಕದಲ್ಲಿದ್ದ, ಕೇಂದ್ರ ಪಠ್ಯಕ್ರಮದ ಶಾಲೆಗೆ ನನ್ನನ್ನು ಹನ್ನೊಂದಕ್ಕೆ ಸೇರಿಸಿದರು. ಸೈನ್ಸ್ ತೆಗೆದುಕೊಂಡೆ. ಗಣಿತ ನನ್ನ ತಲೆಗೆ ಹತ್ತುತ್ತಿರಲಿಲ್ಲ. ಅದರ ಬದಲಿಗೆ ಚಿತ್ರಕಲೆ ತೆಗೆದುಕೊಳ್ಳಬಹುದು ಎಂದು ತಿಳಿದಾಗ ಹಿಂದೆಮುಂದೆ ನೋಡದೆ ಅರ್ಜಿಯಲ್ಲಿ ಗುರುತು ಹಾಕಿದೆ. ಚಿತ್ರ ಬಿಡಿಸುವುದು, ಬಣ್ಣ ಹಚ್ಚುವುದು, ಓದುವುದೇನೂ ಇಲ್ಲ ಎಂದುಕೊಂಡಿದ್ದೆ.

ಮೊದಲ ದಿನ ಟೀಚರ್ ತರಗತಿಗೆ ಬಂದಾಗ ಕೈಯಲ್ಲಿ ಬಣ್ಣವೂ ಇರಲಿಲ್ಲ, ಕುಂಚವೂ ಇರಲಿಲ್ಲ. ಗಿಡ್ಡ ಆಳು, ಗಂಜಿ ಹಾಕಿ ಇಸ್ತ್ರಿ ಮಾಡಿದ ನೂಲಿನ ಸೀರೆ, ತುರುಬಿನಲ್ಲಿ ಸಿಕ್ಕಿಸಿದ ಪೆನ್ಸಿಲು, ಕಂಕುಳಲ್ಲಿ ಕೊಡೆ. ಚೀಲದಿಂದ ಒಂದು ಬಣ್ಣದ ಚಿತ್ರ ತೆಗೆದು ಕರಿಹಲಗೆಗೆ ಅಂಟಿಸಿದರು. ಗುಹೆಯ ಗೋಡೆಯ ಮೇಲೆ ಯಾರೋ ಸಾವಿರಾರು ವರ್ಷಗಳ ಹಿಂದೆ ಬರೆದ ಕಾಡುಕೋಣ.

"ಕಾಣಿ," ಎಂದರು. ಅಷ್ಟೇ. ಹೇಳಿ ಹಿಂದಿನ ಬೆಂಚಿನಲ್ಲಿ ಹೋಗಿ ಕೂತರು.

ಚಿತ್ರಕಲೆ ತೆಗೆದುಕೊಂಡವರು ನಾವು ಐದೇ ಜನ. ಹತ್ತು ನಿಮಿಷ ಆ ಕೋಣವನ್ನು ನೋಡಿದೆವು. ಮೊದಲ ಎರಡು ನಿಮಿಷ ನಗು ಬಂತು. ಆಮೇಲೆ ಬೇಜಾರಾಯಿತು. ಎಂಟನೇ ನಿಮಿಷಕ್ಕೋ ಏನೋ, ಆ ಕೋಣಕ್ಕೆ ಹಿಂದಿನ ಒಂದು ಕಾಲು ಇಲ್ಲ ಎನ್ನುವುದು ನನಗೆ ಕಂಡಿತು. ಹೇಳಿದೆ. ಟೀಚರ್ ಎದ್ದು ಬಂದರು, ಕನ್ನಡಕ ಏರಿಸಿ ನೋಡಿದರು.

"ಹೌದಲೆ. ಹತ್ತ್ ವರ್ಷದಿಂದ ಈ ಚಿತ್ರ ಅಂಟಿಸ್ತಾ ಇದ್ದೆ. ನಂಗ್ ಕಂಡದ್ದೇ ಇಲ್ಲೆ."

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಇಷ್ಟು ಸಲೀಸಾಗಿ ಹೇಳುವ ಟೀಚರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಓದುವುದು ಏನೂ ಇಲ್ಲ ಎಂದುಕೊಂಡದ್ದು ಆ ವಾರವೇ ಸುಳ್ಳಾಯಿತು. ಚಿತ್ರ ಬಿಡಿಸುವುದರ ಜೊತೆಗೆ ಕಲೆಯ ಇತಿಹಾಸದ ಲಿಖಿತ ಪರೀಕ್ಷೆಯೂ ಇತ್ತು. ಹನ್ನೊಂದರಲ್ಲಿ ಗುಹೆ, ಸ್ತೂಪ, ಶಿಲ್ಪ. ಹನ್ನೆರಡರಲ್ಲಿ ರಾಜಸ್ಥಾನಿ, ಪಹಾಡಿ, ಮೊಘಲ್, ದಖ್ಖನಿ ಶೈಲಿಯ ಅಂಗೈ ಅಗಲದ ಚಿತ್ರಗಳು. ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆಯಬೇಕು. ನನಗೆ ಇಂಗ್ಲಿಷಿನಲ್ಲಿ ಒಂದು ರಜೆಯ ಅರ್ಜಿ ಬರೆಯಲೂ ನಿಘಂಟು ಬೇಕಾಗುತ್ತಿದ್ದ ಕಾಲ ಅದು. ಟೀಚರ್ ಅದಕ್ಕೊಂದು ದಾರಿ ಮಾಡಿದರು. ಮೊದಲು ಮನೆಯಲ್ಲಿ ಮಾತಾಡುವ ಹಾಗೆ ಬಾಯಲ್ಲಿ ಹೇಳಬೇಕು. ಆಮೇಲೆ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಮಾಡಿ ಬರೆಯಬೇಕು.

"ಹೆಂಗ್ಸ್ ಎಲ್ಲ್ ನಿಂತಿದ್ಲ್? ಕೈಯಗೆ ಎಂತ ಇತ್ತ್? ಯಾರನ್ನ್ ಕಾಂತಾ ಇದ್ಲ್? ಇಷ್ಟ್ ಹೇಳುಕೆ ನಿಂಗೆ ಇಂಗ್ಲಿಷ್ ಎಂತಕ್ಕೆ ಬೇಕ್? ಮೊದ್ಲ್ ಹೇಳ್. ಹೆಸ್ರ್, ಇಸ್ವಿ ಎಲ್ಲ ಕಡೀಗೆ."

ಅವರ ತರಗತಿಯಲ್ಲಿ ಒಂದು ಪದಕ್ಕೆ ಪ್ರವೇಶವಿರಲಿಲ್ಲ. 'ಸುಂದರ'. ಯಾವ ಭಾಷೆಯಲ್ಲಿ ಬರೆದರೂ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆಯುತ್ತಿದ್ದರು. ಬೈಂದೂರಿನ ನಿತೇಶ ಒಮ್ಮೆ ವಾದಕ್ಕಿಳಿದ. "ಸುಂದರ ಇದ್ದದ್ದನ್ನ ಸುಂದರ ಅಂತ ಬರೀದೆ ಮತ್ತೆಂತ ಬರೂದ್ ಟೀಚರ್?"

"ಮೀನ್ ಮಾರ್ಕೆಟ್ಟಿಗೆ ಹೋದಾಗ ನಿನ್ ಅಮ್ಮ ಸುಂದರವಾದ ಮೀನ್ ಕೊಡಿ ಅಂತ ಕೇಂತ್ರಾ? ಕಣ್ಣ್ ಕಾಂತ್ರ್, ಕಿವಿ ಎತ್ತಿ ಕಾಂತ್ರ್. ಹಂಗೆ ಬರಿ."

ನಿತೇಶನ ಅಪ್ಪ ಮೀನಿನ ವ್ಯಾಪಾರಿ. ಅವನಿಗೆ ಅದು ಕೂಡಲೇ ಅರ್ಥವಾಯಿತು. ನಮಗಿಂತ ಮೊದಲು ಬರೆಯಲು ಕಲಿತವನೂ ಅವನೇ.

ಟೀಚರ್ ಬರೀ ಮೃದು ಸ್ವಭಾವದವರೆಂದು ಯಾರೂ ತಿಳಿಯಬಾರದು. ಮೊಂಡು ಪೆನ್ಸಿಲ್ ಹಿಡಿದು ಬಂದರೆ ಕಿತ್ತುಕೊಂಡು ಕಿಟಕಿಯಿಂದ ಹೊರಗೆ ಎಸೆಯುತ್ತಿದ್ದರು. ಬಣ್ಣದ ತಟ್ಟೆ ತೊಳೆಯದೆ ಹೋದವರನ್ನು ಬಸ್‌ಸ್ಟಾಪಿನಿಂದ ವಾಪಸ್ಸು ಕರೆಸುತ್ತಿದ್ದರು. ಆದರೆ ಖುಷಿಯಾದರೆ ಮುಚ್ಚಿಡಲು ಬರುತ್ತಿರಲಿಲ್ಲ. ಬಸೋಹ್ಲಿ ಎಂಬ ಬೆಟ್ಟದ ಊರಿನ ಚಿತ್ರಕಾರರು ಒಡವೆಯ ಪಚ್ಚೆಕಲ್ಲು ತೋರಿಸಲು ಹೊಳೆಯುವ ಹಸಿರು ದುಂಬಿಯ ರೆಕ್ಕೆಯ ಚೂರುಗಳನ್ನೇ ಚಿತ್ರಕ್ಕೆ ಅಂಟಿಸುತ್ತಿದ್ದರು ಎಂದು ಒಂದು ದಿನ ಪಾಠ ಮಾಡಿದ್ದರು. ಮರುವಾರ ನಿತೇಶ ಬೆಂಕಿಪೊಟ್ಟಣದಲ್ಲಿ ಅಂಥದೇ ಒಂದು ದುಂಬಿ ತಂದ. ಕೊಲ್ಲೂರಿಗೆ ಹೋದವನಿಗೆ ರಸ್ತೆಯ ಬದಿಯಲ್ಲಿ ಸತ್ತುಬಿದ್ದದ್ದು ಸಿಕ್ಕಿತಂತೆ. ಟೀಚರ್ ಅದರ ಒಂದು ರೆಕ್ಕೆಯನ್ನು ಬ್ಲೇಡಿನಿಂದ ಕತ್ತರಿಸಿ, ಬಿಳಿ ಕಾಗದಕ್ಕೆ ಅಂಟಿಸಿ, ಕಿಟಕಿಯ ಬೆಳಕಿಗೆ ಹಿಡಿದು ಅತ್ತ ಇತ್ತ ಆಡಿಸಿದರು. ಹಸಿರು, ನೀಲಿ, ಮತ್ತೆ ಹಸಿರು. ಪಕ್ಕದ ತರಗತಿಯಲ್ಲಿ ಪಾಠ ಮಾಡುತ್ತಿದ್ದ ಕೆಮಿಸ್ಟ್ರಿ ಸರ್ ಅವರನ್ನು ಕರೆದು ತೋರಿಸಿದರು. ಅಟೆಂಡರಿಗೆ ತೋರಿಸಿದರು. "ನಾನ್ ಇಷ್ಟ್ ವರ್ಷ ಪುಸ್ತಕ ಓದಿ ಹೇಳ್ತಾ ಇದ್ದದ್ದ್. ಖರೇ ಕಂಡದ್ ಇವತ್ತೇ," ಎನ್ನುತ್ತಿದ್ದರು. ಆ ದಿನ ಪಾಠ ನಡೆಯಲಿಲ್ಲ.

ಅವರ ದೊಡ್ಡ ದೋಷ ಮರೆವು, ಅದರಲ್ಲೂ ಕಾಗದಪತ್ರದ ವಿಷಯದಲ್ಲಿ. ಕೋಟೇಶ್ವರದ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು, ದಿನಾ ಬಸ್ಸಿನಲ್ಲಿ ಓಡಾಟ. ಕೊಡೆಯನ್ನು ಬಸ್ಸಿನಲ್ಲಿ ಬಿಟ್ಟು ಇಳಿಯುವುದು, ಕಂಡಕ್ಟರ್ ಮರುದಿನ ತಂದುಕೊಡುವುದು ನಡೆದೇ ಇತ್ತು. ಚಿತ್ರ ತಿದ್ದುತ್ತಿರುವಾಗ ಯಾರು ಏನು ಎದುರಿಗೆ ಹಿಡಿದರೂ ತಲೆಯೆತ್ತದೆ ಸಹಿ ಹಾಕಿಬಿಡುತ್ತಿದ್ದರು. ನಾವು ಅದನ್ನು ತಮಾಷೆ ಮಾಡುತ್ತಿದ್ದೆವು.

ಹನ್ನೆರಡನೇ ತರಗತಿಯ ಫೆಬ್ರವರಿಯಲ್ಲಿ ಅದು ತಮಾಷೆಯಾಗಿ ಉಳಿಯಲಿಲ್ಲ.

ಓದುವ ರಜೆ ಶುರುವಾಗುವ ಮುನ್ನಾದಿನ. ನಿತೇಶ ಬೋರ್ಡಿನ ಮಾದರಿ ಪ್ರಶ್ನೆಪತ್ರಿಕೆ ಇಳಿಸಿಕೊಂಡು ತಂದಿದ್ದ. ಅದರಲ್ಲಿದ್ದ ಒಂದು ಚಿತ್ರ ಯಾವುದೆಂದು ಅವನಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಇಬ್ಬರೂ ಸ್ಟಾಫ್ ರೂಮಿಗೆ ಹೋದೆವು. ಟೀಚರ್ ಕನ್ನಡಕ ಹಾಕಿಕೊಂಡು ನೋಡಿದರು. ತಿರುಗಿಸಿ ನೋಡಿದರು. "ಇದ್ ನಮ್ಮ ಪಟ್ಟಿಯಗೆ ಇಲ್ಲೆ," ಎಂದರು. ಆಮೇಲೆ ಅವರ ಮುಖ ಬದಲಾಯಿತು. ನಿತೇಶನ ಮೊಬೈಲಿನಲ್ಲೇ ಆ ವರ್ಷದ ಪಠ್ಯಕ್ರಮ ತೆಗೆಸಿ, ತಮ್ಮ ಹಳೆಯ ಪಟ್ಟಿಯ ಪಕ್ಕದಲ್ಲಿಟ್ಟು, ಬೆರಳಿಟ್ಟು ಒಂದೊಂದೇ ಓದಿದರು. ಪಾಠಗಳು ಅವೇ. ಆದರೆ ಅಭ್ಯಾಸಕ್ಕೆ ಕೊಟ್ಟ ಚಿತ್ರಗಳಲ್ಲಿ ಏಳು ಬದಲಾಗಿದ್ದವು. ನಾವು ವರ್ಷವಿಡೀ ಬಾಯಿಪಾಠ ಮಾಡಿದ ಏಳು ಚಿತ್ರಗಳು ಪರೀಕ್ಷೆಗೇ ಇರಲಿಲ್ಲ. ಇದ್ದ ಏಳನ್ನು ನಾವು ಕಂಡೇ ಇರಲಿಲ್ಲ. ಪರೀಕ್ಷೆಗೆ ಹದಿನಾರು ದಿನ ಉಳಿದಿತ್ತು.

ಸುದ್ದಿ ಮನೆಗಳಿಗೆ ತಲುಪಿತು. ಮರುದಿನ ಬೆಳಿಗ್ಗೆ ಪ್ರಿನ್ಸಿಪಾಲರ ಕೋಣೆಯಲ್ಲಿ ಮೂವರು ತಂದೆಯಂದಿರು ಕೂತಿದ್ದರು. ಅವರಲ್ಲಿ ನಮ್ಮ ಅಪ್ಪಯ್ಯನೂ ಒಬ್ಬರು. ಗಣಿತ ಬಿಟ್ಟು ಇದನ್ನು ತೆಗೆದುಕೊಂಡದ್ದಕ್ಕೆ ಅವರಿಗೆ ಮೊದಲೇ ಅಸಮಾಧಾನವಿತ್ತು. ಇದರಲ್ಲಿ ಫೇಲಾದರೆ ನನ್ನ ಮುಂದಿನ ದಾರಿಯೇ ಕಟ್ಟಿಹೋಗುತ್ತಿತ್ತು. ನಾವು ಐದೂ ಜನ ಗೋಡೆಗೆ ಒರಗಿ ನಿಂತಿದ್ದೆವು.

ಪ್ರಿನ್ಸಿಪಾಲರು ಒಳ್ಳೆಯವರು. ಶಾಲೆಯ ಮರ್ಯಾದೆ ಉಳಿಸಲು ನೋಡಿದರು. "ಬೋರ್ಡಿನಿಂದ ಮಾಹಿತಿ ಬರುವುದೇ ತಡವಾಗಿದೆ. ಹಲವು ಶಾಲೆಗಳಲ್ಲಿ ಹೀಗಾಗಿರಬಹುದು," ಎಂದು ಶುರು ಮಾಡಿದರು.

ಟೀಚರ್ ನಡುವೆ ಬಾಯಿ ಹಾಕಿದರು. "ಇಲ್ಲೆ ಸರ್. ಜೂನಲ್ಲೇ ನೋಟಿಸ್ ಬುಕ್ಕಲ್ಲಿ ಬಂದಿತ್ತ್. ಅಟೆಂಡರ್ ಕ್ಲಾಸಿಗೆ ತಂದ್ ತೋರ್ಸಿರ್. ನನ್ ಸಹಿ ಇತ್ತ್. ನಾನ್ ಓದ್ಲಿಲ್ಲೆ." ಎದ್ದು ನಿಂತು, ತಾವೇ ತಂದಿದ್ದ ನೋಟಿಸ್ ಬುಕ್ಕಿನ ಆ ಪುಟ ತೆರೆದು ಮೇಜಿನ ಮೇಲಿಟ್ಟರು.

ಜಗಳಕ್ಕೆಂದು ಬಂದವರಿಗೆ ಎದುರಿನವರು ಹೀಗೆ ಒಪ್ಪಿಕೊಂಡರೆ ಮುಂದೇನು ಹೇಳುವುದೆಂದು ತಿಳಿಯುವುದಿಲ್ಲ. ಕೊನೆಗೆ ಅಪ್ಪಯ್ಯನೇ ಕೇಳಿದರು. "ಒಪ್ಕಂಡ್ರೆ ಮಕ್ಕಳಿಗೆ ಮಾರ್ಕ್ ಬತ್ತಾ ಟೀಚರ್?"

"ಬತ್ತಿಲ್ಲೆ. ಅದ್ಕೇ ನಾನ್ ನಿಮ್ಮ ಮನಿಗ್ ಬತ್ತೆ. ಬೇರೆ ಸಬ್ಜೆಕ್ಟ್ ಓದೂದ್ ಬಿಟ್ಟ್ ಮಕ್ಳ್ ಇಲ್ಲಿಗ್ ಬಪ್ಪುದ್ ಬ್ಯಾಡ. ಐದೂ ಮನಿಗ್ ನಾನೇ ಬತ್ತೆ, ಮೂರ್ ಮೂರ್ ಸರ್ತಿ." ಆಮೇಲೆ ಪ್ರಿನ್ಸಿಪಾಲರ ಕಡೆ ತಿರುಗಿ, "ಐದ್ರಗೆ ಒಬ್ರ್ ಫೇಲಾದ್ರೂ ನಾನ್ ಕೆಲ್ಸ ಬಿಡ್ತೆ ಸರ್," ಎಂದರು.

ಹೊರಗೆ ಬಂದ ಮೇಲೆ ನಮ್ಮಲ್ಲಿ ಒಬ್ಬಳು ಅತ್ತಳು. ತನ್ನಿಂದ ಟೀಚರ್ ಕೆಲಸ ಹೋದರೆ ಎಂಬ ಭಯ. ನಿತೇಶನಿಗೆ ಸಿಟ್ಟು ಬಂದಿತ್ತು. "ತಪ್ಪ್ ಅವ್ರದ್ದ್, ಭಾರ ನಮ್ಮ ತಲಿ ಮೇಲೆ," ಎಂದ. ಇದು ಟೀಚರ್ ಕಿವಿಗೆ ಬಿತ್ತು. ಅವರು ಅಲ್ಲೇ ನಿಂತು, "ನೀ ಹೇಳೂದ್ ಸಮ. ಆ ಕಡೀ ಮಾತ್ ನಾನ್ ನಿಮ್ಮೆದ್ರಿಗ್ ಹೇಳ್ಬಾರ್ದಿತ್ತ್. ಅದೂ ಒಂದ್ ತಪ್ಪೇ," ಎಂದರು. ನಿತೇಶ ತಲೆ ತಗ್ಗಿಸಿದ.

ಮೊದಲ ಕೆಲಸ ಚಿತ್ರಗಳನ್ನು ಪ್ರಿಂಟ್ ಹಾಕಿಸುವುದು. ಕುಂದಾಪುರದ ಒಂದು ಸ್ಟುಡಿಯೋಕ್ಕೆ ಹೋಗುವಾಗ ನಾನು ಜೊತೆಗಿದ್ದೆ. ದಖ್ಖನಿ ಚಿತ್ರದಲ್ಲಿ ಬಂಡೆಗಳು ತಿಳಿ ನೇರಳೆ ಬಣ್ಣದವು. ಪ್ರಿಂಟಿನಲ್ಲಿ ಅವು ಅಪ್ಪಟ ನೀಲಿಯಾಗಿ ಬಂದಿದ್ದವು.

"ಹ್ವಾಯ್, ಇದ್ ನೀಲಿ ಅಲ್ಲ ಮರ್ರೆ," ಎಂದರು ಟೀಚರ್.

"ಬಂಡೆ ಅಲ್ದಾ ಟೀಚರ್? ಎಂತ ಬಣ್ಣ ಆದ್ರೆ ಎಂತ?"

"ಈ ಬಣ್ಣ ಕಂಡೇ ಮಕ್ಳ್ ಇದ್ ದಖ್ಖನಿ ಅಂತ ಹೇಳ್ಕ್. ನೀಲಿ ಆದ್ರೆ ನನ್ ಮಕ್ಳ್ ತಪ್ಪ್ ಬರಿತ್ರ್."

ಸ್ಟುಡಿಯೋದವರು ನಾಲ್ಕು ಸಲ ಪ್ರಿಂಟ್ ತೆಗೆದರು. ನಾಲ್ಕನೆಯದನ್ನು ಟೀಚರ್ ಬಾಗಿಲ ಹೊರಗೆ ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, ಸರಿ ಎಂದು ತಲೆಯಾಡಿಸಿದರು. ಅಷ್ಟರಲ್ಲಿ ಸ್ಟುಡಿಯೋದವರಿಗೂ ಹಟ ಬಂದಿತ್ತು. "ಇನ್ನೊಂಚೂರ್ ಕೆಂಪ್ ಹಾಕ್ಕಾ ಟೀಚರ್?" ಎಂದು ಅವರೇ ಕೇಳುತ್ತಿದ್ದರು.

ಅಲ್ಲಿಂದ ಪರೀಕ್ಷೆಯವರೆಗೆ ಟೀಚರ್ ಬಸ್ಸಿನಲ್ಲೇ ಬದುಕಿದರು ಎನ್ನಬಹುದು. ಬೆಳಿಗ್ಗೆ ಬೈಂದೂರು, ಮಧ್ಯಾಹ್ನ ಬ್ರಹ್ಮಾವರದ ಎರಡು ಮನೆ, ಮಧ್ಯೆ ಶಾಲೆಯಲ್ಲಿ ಸಣ್ಣ ತರಗತಿಗಳ ಪಾಠ. ನಮ್ಮ ಮನೆಗೆ ಬರುವ ದಿನ ನಾಲ್ಕು ಗಂಟೆಯ ಬಸ್ಸಿಗೆ ಇಳಿಯುತ್ತಿದ್ದರು. ಹೊಳೆಯ ಬದಿಯ ದಾರಿಯಲ್ಲಿ ಬಿಸಿಲಿಗೆ ನಡೆದು ಬಂದು, ಒಂದು ಚೊಂಬು ನೀರು ಕುಡಿದು, ಸೆರಗಿನಿಂದ ಮುಖ ಒರೆಸಿಕೊಂಡು, ಮೇಜಿನ ಮೇಲೆ ಚಿತ್ರಗಳನ್ನು ಸಾಲಾಗಿ ಇಡುತ್ತಿದ್ದರು.

ಅವರು ಮೊದಲ ಸಲ ಬಂದ ದಿನ ಅಪ್ಪಯ್ಯ ಬೇಗ ಮನೆಗೆ ಬಂದು ಕುರ್ಚಿಯಲ್ಲಿ ಕೂತಿದ್ದರು. ಟೀಚರನ್ನು ಮಾತಾಡಿಸಲಿಲ್ಲ. ಅಮ್ಮ ಕೊಟ್ಟ ಚಹಾ ತಣ್ಣಗಾಗುತ್ತಿತ್ತು. ಟೀಚರ್ ಹಳೆಯ ಚಿತ್ರ, ಹೊಸ ಚಿತ್ರ ಎಲ್ಲ ಕಲಸಿ ನನ್ನ ಕೈಗೆ ಕೊಟ್ಟು, ಪಹಾಡಿ ಒಂದು ರಾಶಿ, ಮೊಘಲ್ ಒಂದು ರಾಶಿ, ದಖ್ಖನಿ ಒಂದು ರಾಶಿ ಮಾಡು ಎಂದರು. ನಾನು ಹೆದರಿ ಹೆದರಿ ವಿಂಗಡಿಸಿದೆ.

"ಅದ್ ಆ ರಾಶಿಗಲ್ಲ," ಎಂದರು ಅಪ್ಪಯ್ಯ, ಕುರ್ಚಿಯಿಂದಲೇ.

ಟೀಚರ್ ತಿರುಗಿ ನೋಡಿದರು. ಅಪ್ಪಯ್ಯ ತೋರಿಸಿದ ಚಿತ್ರ ನಿಜಕ್ಕೂ ತಪ್ಪು ರಾಶಿಯಲ್ಲಿತ್ತು.

"ನಿಮ್ಗೆ ಹ್ಯಾಂಗ್ ಗೊತ್ತಾಯ್ತ್?"

"ನಂಗ್ ಚಿತ್ರ ಎಲ್ಲ ಗೊತ್ತಿಲ್ಲೆ." ಅಪ್ಪಯ್ಯನಿಗೆ ಮುಜುಗರವಾಯಿತು. "ಇದ್ರ ಬಿಳಿ ಬೇರೆ. ಇದ್ರಗೆ ಒಂಚೂರ್ ಹಳದಿ ಇತ್ತ್. ಅದ್ರಗೆ ಬೂದಿ ಇತ್ತ್."

"ನೀವ್ ಎಂತ ಕೆಲ್ಸ ಮಾಡೂದ್?"

"ಗೇರುಬೀಜ ಕಾಂಬುದ್. ಪೂರ್ತಿ ಬಿಳಿ ಬೇರೆ, ಸೀದದ್ದ್ ಬೇರೆ, ಹಳದಿ ತಿರ್ಗಿದ್ದ್ ಬೇರೆ ಮಾಡ್ಕ್. ಇಪ್ಪತ್ತೆರ್ಡ್ ವರ್ಷ ಆಯ್ತ್."

ಟೀಚರ್ ನನ್ನ ಕಡೆ ನೋಡಿ, "ಅಪ್ಪಯ್ಯ ಹೇಳಿದ್ದನ್ನೇ ಬರಿ," ಎಂದರು. ಬರೆದೆ. ಆಮೇಲೆ ಇನ್ನೊಂದು ಚಿತ್ರ ಎತ್ತಿ ಅಪ್ಪಯ್ಯನ ಕೈಗೇ ಕೊಟ್ಟರು. ಅಪ್ಪಯ್ಯ ಅದನ್ನು ಬಾಗಿಲ ಬೆಳಕಿಗೆ ಹಿಡಿದುಕೊಂಡು ಹೋದರು. ಇಬ್ಬರೂ ಅಲ್ಲಿ ನಿಂತು ಆಕಾಶದ ಬಣ್ಣದ ಬಗ್ಗೆ ಕಾಲು ಗಂಟೆ ಮಾತಾಡಿದರು. ನಾನು ಒಬ್ಬಳೇ ಮೇಜಿನ ಮುಂದೆ ಕೂತಿದ್ದೆ. ಪರೀಕ್ಷೆ ಬರೆಯಬೇಕಾದವಳು ನಾನು ಎಂದು ಅಮ್ಮ ನೆನಪಿಸಬೇಕಾಯಿತು. ಟೀಚರ್ ಹೊರಟಾಗ ಅಪ್ಪಯ್ಯ ಸ್ಕೂಟರ್ ತೆಗೆದು, "ಬನ್ನಿ ಟೀಚರ್, ಮೇನ್ ರೋಡ್ ತನಕ ಬಿಡ್ತೆ," ಎಂದರು. ಎರಡನೆಯ, ಮೂರನೆಯ ಸಲ ಅವರು ಬರುವ ದಿನವೂ ಅಪ್ಪಯ್ಯ ಫ್ಯಾಕ್ಟರಿಯಿಂದ ಬೇಗ ಬಂದರು.

ಹೀಗೆ ಹೇಳಿದರೆ ಎಲ್ಲ ಸುಲಭವಾಗಿ ನಡೆಯಿತು ಅನ್ನಿಸಬಹುದು. ಹಾಗಿರಲಿಲ್ಲ. ಮೂರನೆಯ ಸಲ ಬಂದಾಗ ಟೀಚರ್ ಸೋತುಹೋಗಿದ್ದರು. ಕಣ್ಣು ಒಳಗೆ ಸೇರಿತ್ತು, ಪಾಠ ಹೇಳಿ ಹೇಳಿ ದನಿ ಬಿದ್ದುಹೋಗಿತ್ತು. ನನ್ನನ್ನು ಪ್ರಶ್ನೆ ಕೇಳುತ್ತ ಕೇಳುತ್ತ ಒಂದು ಹೆಸರು ಅವರಿಗೇ ಮರೆತುಹೋಯಿತು. ಚೀಟಿ ಹುಡುಕಿದರು, ಸಿಗಲಿಲ್ಲ. ಚೀಲವನ್ನೆಲ್ಲ ಮೇಜಿನ ಮೇಲೆ ಸುರಿದು, ನೋಡಿದ ಕಾಗದವನ್ನೇ ಮತ್ತೆ ಮತ್ತೆ ಎತ್ತಿ ನೋಡಿದರು. ಅಮ್ಮ ಮೆಲ್ಲಗೆ ಪಕ್ಕದಲ್ಲಿ ಬಂದು ಕೂತು, ಎಲ್ಲವನ್ನೂ ಒಂದೊಂದಾಗಿ ಚೀಲಕ್ಕೆ ತುಂಬಿಸಿ ಕೊಟ್ಟರು. "ಊಟ ಸಮ ಮಾಡ್ತ್ರ್ಯಾ ಟೀಚರ್?" ಎಂದು ಕೇಳಿದರು. "ಮಾಡ್ತೆ, ಮಾಡ್ತೆ," ಎಂದರು ಟೀಚರ್. ಮಾಡುತ್ತಿರಲಿಲ್ಲ ಎಂದು ನೋಡಿದರೆ ತಿಳಿಯುತ್ತಿತ್ತು.

ಪರೀಕ್ಷೆಯ ಕೇಂದ್ರ ಬ್ರಹ್ಮಾವರದ ಬೇರೊಂದು ಶಾಲೆ. ನಮ್ಮ ಶಾಲೆಯವರು ಒಳಗೆ ಬರುವಂತಿರಲಿಲ್ಲ. ಟೀಚರ್ ರಸ್ತೆಯ ಆಚೆ ಬಸ್ ನಿಲ್ಲುವ ತಂಗುದಾಣದಲ್ಲಿ ಕೂತಿದ್ದರು. ಪ್ರಶ್ನೆಪತ್ರಿಕೆ ತೆರೆದರೆ, ಹೆಚ್ಚು ಅಂಕದ ಪ್ರಶ್ನೆಗೆ ಹೊಸ ಏಳರಲ್ಲೇ ಒಂದು ಚಿತ್ರ. ನೋಡಿದ ಕೂಡಲೇ ಗುರುತು ಸಿಕ್ಕಿತು, ಹೆಸರು ಮಾತ್ರ ನೆನಪಿಗೆ ಬರಲಿಲ್ಲ. ಆಮೇಲೆ ಬರೆಯುತ್ತೇನೆ ಎಂದು ಎರಡು ಗೆರೆ ಜಾಗ ಬಿಟ್ಟು, ಕಂಡದ್ದನ್ನೆಲ್ಲ ಬರೆದೆ. ಯಾರು ಎಲ್ಲಿ ನಿಂತಿದ್ದಾರೆ, ಕಣ್ಣು ಯಾವ ಕಡೆಗಿದೆ, ಬಿಳಿಯಲ್ಲಿ ಹಳದಿ ಇದೆಯೋ ಬೂದಿ ಇದೆಯೋ, ಅಂಚಿನಲ್ಲಿ ಯಾವ ಬಳ್ಳಿ. ಕೊನೆಯ ಗಂಟೆ ಹೊಡೆಯುವವರೆಗೂ ಹೆಸರು ಹೊಳೆಯಲಿಲ್ಲ. ಆ ಎರಡು ಗೆರೆ ಖಾಲಿಯಾಗಿಯೇ ಹೋಯಿತು.

ಹೊರಗೆ ಬಂದಾಗ ಟೀಚರ್ ರಸ್ತೆ ದಾಟಿ ಬಂದಿದ್ದರು. ಬೇರೆ ನಾಲ್ವರೂ ಬರೆದೆವು ಎಂದರು. ನಾನು ಹೇಳಿದೆ, "ಹೆಸ್ರ್ ಬರೀಲಿಲ್ಲೆ ಟೀಚರ್. ಮರ್ತ್ ಹೋಯ್ತ್."

"ಕಂಡದ್ದ್ ಬರ್ದ್ಯಾ?"

"ಬರ್ದೆ. ಎರಡ್ ಪುಟ."

"ಹಂಗಾರೆ ಸಾಕ್."

ಸಾಕು ಎಂದು ಬಾಯಲ್ಲಿ ಹೇಳಿದರು. ಆದರೆ ಬಸ್ಸು ಹತ್ತಿದ ಮೇಲೂ ಅವರು ಕಿಟಕಿಯ ಹೊರಗೆ ನೋಡುತ್ತಲೇ ಇದ್ದರು. ಎರಡು ತಿಂಗಳು ನನಗೆ ಆ ಖಾಲಿ ಗೆರೆಗಳದ್ದೇ ಯೋಚನೆ. ಫೇಲಾದರೆ ಅಪ್ಪಯ್ಯ ಬೈಯುತ್ತಾರೆ ಎನ್ನುವುದಕ್ಕಿಂತ, ನನ್ನ ಒಂದು ಮರೆವಿನಿಂದ ಟೀಚರ್ ಕೆಲಸ ಬಿಡಬೇಕಾಗುತ್ತದೆ ಎನ್ನುವುದೇ ಹೆಚ್ಚು ಕಾಡುತ್ತಿತ್ತು. ಪ್ರಿನ್ಸಿಪಾಲರು ಅವರ ಮಾತನ್ನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಆದರೆ ಟೀಚರ್ ಅದನ್ನು ಸುಮ್ಮನೆ ಹೇಳಿರಲಿಲ್ಲ ಎಂದು ನಮಗೆ ಗೊತ್ತಿತ್ತು.

ಮೇ ತಿಂಗಳಲ್ಲಿ ಫಲಿತಾಂಶ ಬಂದ ದಿನ ಬೆಳಿಗ್ಗೆ ಮೊದಲು ನೋಡಿದ್ದು ಚಿತ್ರಕಲೆಯ ಸಾಲನ್ನು. ಲಿಖಿತ ಪರೀಕ್ಷೆಯಲ್ಲಿ ಮೂವತ್ತಕ್ಕೆ ಇಪ್ಪತ್ತನಾಲ್ಕು. ಮತ್ತೆ ನೋಡಿದೆ. ಇಪ್ಪತ್ತನಾಲ್ಕೇ. ಅಪ್ಪಯ್ಯ ಕನ್ನಡಕ ಹಾಕಿಕೊಂಡು ಬಂದು ತಾವೂ ನೋಡಿ, ಹೊರಗೆ ಹೋಗಿ ಸ್ಕೂಟರ್ ಒರೆಸತೊಡಗಿದರು. ನಿತೇಶ ಫೋನ್ ಮಾಡಿದ. ಅವನಿಗೆ ಇಪ್ಪತ್ತೇಳು. ಉಳಿದ ಮೂವರೂ ಪಾಸು.

ಟೀಚರಿಗೆ ಹೇಳೋಣವೆಂದರೆ ಅವರ ಫೋನ್ ಸ್ವಿಚ್ ಆಫ್ ಆಗಿತ್ತು. ನಾನು ಮಾಡಿದೆ, ನಿತೇಶ ಮಾಡಿದ, ಎಲ್ಲರೂ ಮಾಡಿದೆವು. ಹತ್ತು ಗಂಟೆಗೆ ಐದೂ ಜನ ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸೇರಿ ಕೋಟೇಶ್ವರಕ್ಕೆ ಹೊರಟೆವು.

ಅವರ ಮನೆಗೆ ನಾವು ಹಿಂದೆ ಹೋದದ್ದಿಲ್ಲ. ಹಂಚಿನ ಸಣ್ಣ ಮನೆ, ಮುಂದೆ ಸಿಮೆಂಟಿನ ಚಿಟ್ಟೆ, ಎಂದರೆ ಕೂರುವ ಜಗುಲಿಕಟ್ಟೆ. ಟೀಚರ್ ಅಂಗಳ ಗುಡಿಸುತ್ತಿದ್ದರು. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದಾರೆ ಎನ್ನುವುದು ನೋಡಿದರೆ ಗೊತ್ತಾಗುತ್ತಿತ್ತು. ಗೇಟಿನ ಸದ್ದಿಗೆ ತಲೆಯೆತ್ತಿ, ನಮ್ಮನ್ನು ಕಂಡು, ಕೈ ಅಡ್ಡ ಹಿಡಿದರು.

"ನಿಲ್ಲಿ. ಈಗ್ಳೇ ಹೇಳ್ಬೇಡಿ."

ನಾವು ಗೇಟಿನಲ್ಲೇ ನಿಂತೆವು. ಅವರು ಪೊರಕೆ ಮೂಲೆಗಿಟ್ಟು, ಕೈಕಾಲು ತೊಳೆದು, ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದು ಚಿಟ್ಟೆಯ ಮೇಲೆ ನೆಟ್ಟಗೆ ಕೂತರು.

"ಈಗ ಹೇಳಿ. ಒಬ್ಬೊಬ್ರೇ."

ಒಬ್ಬೊಬ್ಬರೇ ಹೇಳಿದೆವು. ಪ್ರತಿ ಅಂಕಕ್ಕೂ ಒಮ್ಮೆ ತಲೆಯಾಡಿಸಿದರು. ನನ್ನದು ಕೊನೆಗೆ. ಇಪ್ಪತ್ತನಾಲ್ಕು ಎಂದೆ. ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಉದ್ದಕ್ಕೆ ಒಂದು ಉಸಿರು ಬಿಟ್ಟರು. ಎರಡು ತಿಂಗಳಿಂದ ಒಳಗೇ ಹಿಡಿದಿಟ್ಟಿದ್ದ ಉಸಿರು ಅದು ಅನ್ನಿಸಿತು. ಅವರು ಅಳಬಹುದು ಎಂದು ನಾವು ಕಾದೆವು. ಅಳಲಿಲ್ಲ.

"ಮಕ್ಳೆ, ನಾನ್ ಒಂದ್ ಗಳಿಗಿ ಮನಿಕಂತೆ," ಎಂದರು. "ನೀವ್ ಹೋಪುಕಾಗ. ಎದ್ದ್ ಅಡ್ಗಿ ಮಾಡ್ತೆ. ಎಲ್ರೂ ಉಂಡ್ಕಂಡೇ ಹೋಯ್ಕ್."

ಅಲ್ಲೇ ಚಿಟ್ಟೆಯ ಮೇಲೆ, ತೋಳನ್ನೇ ದಿಂಬು ಮಾಡಿಕೊಂಡು ಮಲಗಿದರು. ಬೆಳಗಿನ ಹನ್ನೊಂದು ಗಂಟೆ, ಅಂಗಳದ ತುಂಬ ಬಿಸಿಲು. ಎರಡು ನಿಮಿಷಕ್ಕೆಲ್ಲ ಸಣ್ಣಗೆ ಗೊರಕೆ ಕೇಳಿಸಿತು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸುತ್ತಲೂ ಮೆಟ್ಟಿಲ ಮೇಲೆ ಕೂತೆವು. ನಿತೇಶ ಒಳಗಿನಿಂದ ಬೀಸಣಿಗೆ ತಂದು ನೊಣ ಓಡಿಸಿದ.

ಸ್ವಲ್ಪ ಹೊತ್ತಿಗೆ ಗೇಟಿನ ಹತ್ತಿರ ಮೀನಿನವರ ಸ್ಕೂಟರ್ ಬಂದು ನಿಂತಿತು. ಅವರು ಹಾರ್ನ್ ಒತ್ತಿ, "ಹ್ವಾಯ್ ಟೀಚರ್, ಬಂಗ್ಡಿ ಇತ್ತ್," ಎಂದು ಕೂಗಿದರು. ನಾನು ಓಡಿಹೋಗಿ ಬಾಯಿಗೆ ಬೆರಳಿಟ್ಟು ತೋರಿಸಿದೆ.

"ಟೀಚರ್ ಮನಿಕಂಡಿರ್."

"ಹುಷಾರಿಲ್ಯಾ?" ಅವರೂ ದನಿ ತಗ್ಗಿಸಿದರು.

"ಹುಷಾರಿದ್ದಿರ್. ನಿದ್ದಿ ಮಾಡ್ತಾ ಇದ್ರ್."

ಅವರು ಗೇಟಿನ ಮೇಲಿಂದ ಇಣುಕಿ ನೋಡಿದರು. ಆಮೇಲೆ ಸ್ಕೂಟರನ್ನು ಸ್ಟಾರ್ಟ್ ಮಾಡದೆ, ಮೀನಿನ ಪೆಟ್ಟಿಗೆ ಅಲುಗದ ಹಾಗೆ ಹಿಡಿದುಕೊಂಡು, ದಾರಿಯ ತಿರುವಿನವರೆಗೂ ತಳ್ಳಿಕೊಂಡೇ ಹೋದರು.